ಸ್ವೆಟರ್ ಬೇಕಾದ ದ್ವೀಪ

ಊರು

ಆ ದಿನ ಅಮ್ಮ ಮತ್ತು ನಾನು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದೆವು. ಚಿತ್ರದುರ್ಗದ ಕಡೆ ಬೇಸಿಗೆ ಬಂತೆಂದರೆ ಎಲ್ಲರ ಮನೆಯಲ್ಲೂ ಇದೇ ಕೆಲಸ. ಒಬ್ಬರು ಕಲ್ಲಿನ ಮೇಲಿಟ್ಟು ಕುಟ್ಟುವುದು, ಇನ್ನೊಬ್ಬರು ಬೀಜ ಬಿಡಿಸುವುದು. ಕೈಯೆಲ್ಲ ಅಂಟು, ಬಾಯೆಲ್ಲ ಹುಳಿ. ಭಾನುವಾರವಾದ್ದರಿಂದ ನನಗೆ ಶಾಲೆ ಇರಲಿಲ್ಲ. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಮಾತು ನನ್ನ ತಂಗಿ ಹೇಮಾಳದ್ದು. ಅವಳು ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದಳು. ಓದು ಅಲ್ಲಿ, ಸಂಶೋಧನೆ ಮಾತ್ರ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ಎಂಬ ದ್ವೀಪದ ಬೆಟ್ಟಗಳ ಮೇಲೆ. ಸಂಕ್ರಾಂತಿಯ ಹೊತ್ತಿಗೆ ಫೋನ್ ಮಾಡಿ ತನ್ನ ಹಳೆಯ ಉಣ್ಣೆ ಸ್ವೆಟರ್ ಕಳಿಸಿ ಎಂದಿದ್ದಳು. ಕಳಿಸಿದ್ದೆವು. ಅಮ್ಮನಿಗೆ ಮಾತ್ರ ಅದು ಇನ್ನೂ ಅರಗಿರಲಿಲ್ಲ.

"ಅಲ್ಲ ಗಿರಿಜಾ, ದ್ವೀಪ ಅಂದ್ರೆ ಸುತ್ತ ಸಮುದ್ರ ಅಲ್ವೇನೆ? ಸಮುದ್ರದ ಮಧ್ಯೆ ಸ್ವೆಟರ್ ಯಾತಕ್ಕೆ?"

"ಅಲ್ಲಿ ಬೆಟ್ಟ ಐತಂತಮ್ಮ. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿರ್ತೈತಂತೆ."

"ಬೆಟ್ಟ ನಮ್ಮೂರಲ್ಲಿಲ್ವಾ? ಕೋಟೆ ಹತ್ತೋರು ಯಾರಾದ್ರೂ ಸ್ವೆಟರ್ ಹಾಕ್ಕೊಂತಾರಾ? ಹತ್ತಿ ಇಳಿದೋರ ಬೆವರು ಹಿಂಡಿದ್ರೆ ಒಂದು ಕೊಡ ತುಂಬ್ತೈತೆ."

ಇಬ್ಬರೂ ನಕ್ಕೆವು. ಒಳಗೊಳಗೆ ನನಗೂ ಅನುಮಾನವೇ. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ ಎಂದು ವರ್ಷ ವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಆ ಭೂಭಾಗದ ನಡುವೆ ಏನಿರುತ್ತದೆ ಎಂದು ಯಾವ ಮಗುವೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಮರುದಿನ ಶಾಲೆಯಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ನನ್ನನ್ನು ತರಗತಿಯಿಂದ ಹೊರಗೆ ಕರೆದರು. ಅವರ ಮಗಳು ಶೈಲಾ ಡಾಲಸ್‌ನಲ್ಲಿದ್ದಾಳೆ. ಸುದ್ದಿ ಅವಳ ಮೂಲಕ ಬಂದಿತ್ತು. ಹೇಮಾ ಬೆಟ್ಟಕ್ಕೆ ಹೋಗಿದ್ದಾಗ ತೀರಿಕೊಂಡಳು. ಅಷ್ಟೇ. ಆಮೇಲೆ ಬಂದ ಕಾಗದಗಳಲ್ಲಿ ತಲೆಯೊಳಗೆ ರಕ್ತಸ್ರಾವ ಎಂದಿತ್ತು. ಬಿದ್ದರೂ ಅದೇ ಆಗುತ್ತದಲ್ಲ ಎಂದರು ನೆಂಟರು. ಯಾವ ಬಂಡೆಯ ಕೆಳಗೋ, ಎಷ್ಟು ಹೊತ್ತು ನೀರು ನೀರು ಎಂದಳೋ ಎಂದರು. ಆ ಮಾತು ಅಮ್ಮನ ಎದೆಯಲ್ಲಿ ಕೂತುಬಿಟ್ಟಿತು.

ದೇಹವನ್ನು ಟೆಕ್ಸಸ್ಸಿನ ಹೂಸ್ಟನ್‌ಗೆ ತಂದು ದಹನ ಮಾಡಿ ಬೂದಿ ಕಳಿಸಿದ್ದರು. ವೇದಾವತಿ ಹೊಳೆಯಲ್ಲಿ ಬಿಟ್ಟೆವು. ತಿಥಿಯ ದಿನ ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟೆವು. ಕಾಗೆಗಳು ಬಂದವು, ತೆಂಗಿನ ಗರಿಯ ಮೇಲೆ ಕೂತವು, ಕೆಳಗಿಳಿಯಲಿಲ್ಲ. ಏನೋ ಆಸೆ ಉಳಿದಿದೆ ಎಂದರು ಹಿರಿಯರು. ನಮ್ಮಲ್ಲಿ ಹಾಗಾದಾಗ ಮನೆಯವರು ಕೈಮುಗಿದು, ನಿನ್ನ ಇಂಥ ಆಸೆ ನಾವು ತೀರಿಸುತ್ತೇವೆ ಎಂದು ಮಾತು ಕೊಡಬೇಕು. ಸೋದರಮಾವ ಒಂದೊಂದೇ ಹೇಳುತ್ತ ಹೋದ. ಮದುವೆಯೇ ತಾಯಿ? ಮನೆ ಕಟ್ಟುವುದೇ? ಒಡವೆಯೇ? ಕಾಗೆಗಳು ಕತ್ತು ಓರೆ ಮಾಡಿ ನೋಡುತ್ತಿದ್ದವು. ಬಿಸಿಲು ಏರಿದ ಮೇಲೆ ಎಡೆಯನ್ನು ಹಸುವಿಗೆ ಕೊಟ್ಟೆವು.

ಅಂದಿನಿಂದ ಅಮ್ಮ ರಾತ್ರಿ ಊಟ ಬಿಟ್ಟಳು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಚೊಂಬು ನೀರನ್ನು ಕಿಟಕಿಯಲ್ಲಿ ಇಡತೊಡಗಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹೇಮಾಳ ವಿಶ್ವವಿದ್ಯಾಲಯದಿಂದ ಕರೆ ಬಂತು. ಡಿಸೆಂಬರಿನಲ್ಲಿ ಅವಳ ಹೆಸರಿಗೆ ಪದವಿ ಕೊಡುತ್ತೇವೆ, ಮನೆಯವರು ಯಾರಾದರೂ ಬಂದು ತೆಗೆದುಕೊಳ್ಳಿ ಎಂದು. ಪದವಿ ತಗೊಂಡು ಏನು ಮಾಡೋದು ಎಂದೆ. ಅಮ್ಮ ನನ್ನ ಮುಖ ನೋಡಿ ಹೇಳಿದಳು: "ಅದು ಹಾಳಾಗ್ಲಿ. ಹೋಗಿ ಕೇಳ್ಕೊಂಡು ಬಾ. ಅವಳಿಗೆ ಏನು ಬೇಕಿತ್ತು ಅಂತ ಅಲ್ಲಿರೋರಿಗೆ ಗೊತ್ತಿರ್ತೈತೆ."

ಇರ್ವಿಂಗ್

ಡಾಲಸ್ ವಿಮಾನ ನಿಲ್ದಾಣಕ್ಕೆ ಶೈಲಾ ಬಂದಿದ್ದಳು. ಅವಳೂ ಅವಳ ಗಂಡನೂ ಕಂಪ್ಯೂಟರ್ ಕೆಲಸದಲ್ಲಿದ್ದವರು. ಮನೆ ಇರ್ವಿಂಗ್‌ನಲ್ಲಿ, ಲಾಸ್ ಕೊಲಿನಾಸ್ ಎಂಬ ಆಫೀಸುಗಳ ಪೇಟೆಯ ಪಕ್ಕ. ಹಬ್ಬ ರಜೆಗೆ ಹೇಮಾ ಇಲ್ಲಿಗೇ ಬರುತ್ತಿದ್ದಳಂತೆ. ಸ್ನಾನದ ಮನೆಯಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಹೇಮಾ ಬಂದಾಗ ಏನು ಮಾಡುತ್ತಿದ್ದಳು ಎಂದು ಕೇಳಿದೆ. ಶೈಲಾ ಒಂದು ಪ್ಲಾಸ್ಟಿಕ್ ಮಗ್ ತಂದುಕೊಟ್ಟಳು. "ಇದು ಅವಳೇ ತಂದಿಟ್ಟಿದ್ದು ಅಕ್ಕ. ಷವರ್ ಅಂದ್ರೆ ಅರ್ಧ ಸ್ನಾನ ಅಂತಿದ್ಲು." ಆ ಮಗ್ಗಿನಿಂದಲೇ ತಲೆಗೆ ನೀರು ಹಾಕಿಕೊಂಡೆ.

ಲಾಸ್ ಕೊಲಿನಾಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಗುಡ್ಡಗಳು ಎಂದು ಅರ್ಥವಂತೆ. ಹೇಮಾ ಹೇಳಿ ನಗುತ್ತಿದ್ದಳು ಎಂದಳು ಶೈಲಾ. ನಾನು ಅದರಲ್ಲಿ ನಗುವುದೇನಿದೆ ಎಂದು ತಿಳಿಯದೆ, ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಸೀರೆಯ ಮೇಲೆ ಶಾಲು ಹೊದ್ದು ಗುಡ್ಡ ನೋಡಿ ಬರೋಣ ಎಂದು ಹೊರಟೆ. ಊರಲ್ಲಿ ನನಗೆ ದಿನವೂ ಕೋಟೆಯ ಬಾಗಿಲತನಕ ನಡೆದು ಬರುವ ಅಭ್ಯಾಸ.

ಗುಡ್ಡ ಸಿಗಲಿಲ್ಲ. ಗಾಜಿನ ಕಟ್ಟಡಗಳು, ಕತ್ತರಿಸಿದ ಹುಲ್ಲು, ಅಗಲವಾದ ರಸ್ತೆ. ರಸ್ತೆ ಅಲ್ಲಲ್ಲಿ ಸ್ವಲ್ಪ ಏರಿ ಇಳಿಯುತ್ತಿತ್ತು. ನಮ್ಮೂರ ಎಮ್ಮೆ ಮಲಗಿದರೂ ಅದಕ್ಕಿಂತ ಎತ್ತರ ಕಾಣುತ್ತದೆ. ಜನ ಒಬ್ಬರೂ ಇಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಾರು ನಿಂತಿತು. ಒಳಗಿದ್ದ ಹೆಂಗಸು ಏನಾದರೂ ತೊಂದರೆಯೇ ಎಂದು ಕೇಳಿದಳು. ಇಲ್ಲ ಎಂದೆ. ಇನ್ನೊಂದು ಕಾರು ನಿಂತಿತು. ಕಾರು ಕೆಟ್ಟಿದೆಯೇ ಎಂದ ಒಬ್ಬ ಮುದುಕ. ಕಾರೇ ಇಲ್ಲ ಎಂದೆ. ಅವನ ಮುಖ ಸಣ್ಣಗಾಯಿತು. ಕೊನೆಗೆ ಪೊಲೀಸರ ಗಾಡಿಯೇ ಬಂತು. ಸೊಂಟದ ತುಂಬ ಸಾಮಾನು ಕಟ್ಟಿಕೊಂಡಿದ್ದ ಭಾರಿ ಎತ್ತರದ ಪೊಲೀಸ್ ಬಹಳ ಮೆಲ್ಲಗೆ, ಅಮ್ಮಾ ಎಲ್ಲಿಗೆ ಹೊರಟಿದ್ದೀರಿ ಎಂದ. ನನಗೆ ಬಂದ ಇಂಗ್ಲಿಷಿನಲ್ಲಿ, ಗುಡ್ಡ ನೋಡಲು ಎಂದೆ. ಅವನು ಸುತ್ತ ಒಮ್ಮೆ ನೋಡಿದ. ಪಾಪ, ಅವನಿಗೂ ಕಾಣಿಸಲಿಲ್ಲ.

ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮನೆಗೆ ಬಿಟ್ಟುಹೋದ. ಬಾಗಿಲು ತೆಗೆದ ಶೈಲಾಳ ಆರು ವರ್ಷದ ಮಗಳು ಅನು ಒಳಗೆ ಓಡಿ ಕೂಗಿದಳು: "ಮಮ್ಮಿ! ಗಿರಿಜಾ ಆಂಟಿ ಗಾಟ್ ಅರೆಸ್ಟೆಡ್!"

ಶೈಲಾ ನಕ್ಕು ನಕ್ಕು ಅಡುಗೆಮನೆಯ ನೆಲದ ಮೇಲೇ ಕೂತಳು. "ಅಕ್ಕ, ಇಲ್ಲಿ ನಡೆಯೋರು ಅಂದ್ರೆ ಕಾರ್ ಕೆಟ್ಟಿರಬೇಕು, ಇಲ್ಲ ತಲೆ ಕೆಟ್ಟಿರಬೇಕು. ಹೇಮಾನೂ ಫಸ್ಟ್ ಟೈಮ್ ಬಂದಾಗ ಹಿಂಗೇ ನಡಕೊಂಡು ಹೋಗಿದ್ಲು. ಅವಳನ್ನ ಬಿಟ್ಟುಹೋಗಿದ್ದು ಕಸದ ಲಾರಿಯವನು."

ಎಂಟು ಒಂಬತ್ತು ತಿಂಗಳಲ್ಲಿ ಹೇಮಾಳ ಹೆಸರು ಬಂದಾಗ ನಾನು ನಕ್ಕದ್ದು ಅದೇ ಮೊದಲು. ಆ ಧೈರ್ಯದಲ್ಲಿ ಕೇಳಿದೆ: "ಶೈಲಾ, ಅವಳಿಗೆ ಏನಾದ್ರೂ ಬಹಳ ಬೇಕು ಅಂತ ಇತ್ತಾ? ತೀರದೆ ಉಳಿದಿದ್ದು?"

ಶೈಲಾ ದೋಸೆ ಮಗುಚುವುದನ್ನು ನಿಲ್ಲಿಸಿ ಯೋಚಿಸಿದಳು. "ಡ್ರೈವಿಂಗ್ ಕಲೀಬೇಕು ಅಂತಿದ್ಲು ಅಕ್ಕ. ಎರಡು ಸಲ ಟೆಸ್ಟ್ ಫೇಲ್ ಆದ್ಲು. ಆದ್ರೆ ಅದಕ್ಕೆಲ್ಲ ಕಾಗೆ..." ಎಂದು ನಿಲ್ಲಿಸಿದಳು. ಎಡೆಯ ಸುದ್ದಿ ಅವಳ ತಾಯಿ ಫೋನಿನಲ್ಲಿ ಹೇಳಿದ್ದರು. ದೋಸೆ ಹೊತ್ತಿಹೋಯಿತು.

ಕೊನೆಯ ದಿನಗಳಲ್ಲಿ ಜೊತೆಗಿದ್ದವನು ರಫೀಕ್, ಕಲಬುರ್ಗಿಯ ಹುಡುಗ, ಅವಳ ಸಹಪಾಠಿ, ಈಗ ಹೂಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ತಿಳಿದದ್ದು ಶೈಲಾಳಿಂದಲೇ. "ಎಷ್ಟು ಸಲ ಫೋನ್ ಮಾಡಿದ್ರೂ ಎತ್ತಲ್ಲ ಅಕ್ಕ. ಮೆಸೇಜ್ ಬಿಟ್ರೂ ಉತ್ತರ ಇಲ್ಲ. ಯಾಕೋ ತಪ್ಪಿಸ್ಕೋತಾನೆ." ಹೇಳಲಾಗದ್ದು ಏನೋ ಇದೆ ಎಂದಾಯಿತಲ್ಲ.

ಆಸ್ಟಿನ್

ಶೈಲಾಳ ಗಂಡ ನನ್ನನ್ನು ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದರು. ಇಲ್ಲಿ ನೆಲ ಸ್ವಲ್ಪ ಏರುತಗ್ಗಾಗಿದೆ. ಮೆಟ್ಟಿಲು ಹತ್ತಿಸಿ ಒಂದು ದಿಬ್ಬ ತೋರಿಸಿ, ಇದು ನಮ್ಮ ಮೌಂಟ್, ಅಂದರೆ ಬೆಟ್ಟ ಎಂದರು. ಕೆಳಗೆ ಹಸಿರು ನದಿ, ಎದುರಿಗೆ ಕುರುಚಲು ಗಿಡಗಳ ಸುಣ್ಣಕಲ್ಲಿನ ಗುಡ್ಡಸಾಲು. ಚೆನ್ನಾಗಿತ್ತು. ನನ್ನ ಚಪ್ಪಲಿ ಸವೆಯುವ ಮುಂಚೆಯೇ ತುದಿ ಬಂದುಬಿಟ್ಟಿತು.

ಹೇಮಾಳ ಪ್ರೊಫೆಸರ್ ಐವತ್ತು ದಾಟಿದ ಹೆಂಗಸು, ಹೆಸರು ಹೆಲೆನ್. ಬಿಸಿಲಿಗೆ ಸುಟ್ಟ ಮುಖ, ಗಂಡಸರಂಥ ಬೂಟು. ನನ್ನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನನಗಾಗಿ ಇಂಗ್ಲಿಷನ್ನು ಒಂದೊಂದೇ ಪದವಾಗಿ ಇಟ್ಟು ಮಾತಾಡಿದರು.

ಅವರ ಕೋಣೆಯ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಭೂಪಟವಿತ್ತು. ಬೆಟ್ಟ ಇರುವಲ್ಲಿ ಉಬ್ಬು, ಕಣಿವೆ ಇರುವಲ್ಲಿ ತಗ್ಗು. ಇದೇ ಹೇಮಾಳ ದ್ವೀಪ ಎಂದು ನನ್ನ ಕೈ ಹಿಡಿದು ಅದರ ಮೇಲಿಟ್ಟರು. ನಾನು ಕಣ್ಣುಮುಚ್ಚಿ ಸವರಿದೆ. ಒಂದಲ್ಲ, ಎರಡಲ್ಲ, ಸಾಲು ಸಾಲು ಬೆಟ್ಟ. ಉತ್ತರದಲ್ಲಿ ಕಡಲ ಪಕ್ಕದ ಸಾಲು, ಆಮೇಲೆ ಅಗಲವಾದ ಬಯಲು, ನಡುವೆ ಎಲ್ಲಕ್ಕಿಂತ ಎತ್ತರದ ಸಾಲು, ದಕ್ಷಿಣಕ್ಕೆ ಮತ್ತೆರಡು. ಆ ಎರಡರ ನಡುವೆ ಬೆರಳು ದೊಪ್ಪನೆ ಕೆಳಗಿಳಿಯಿತು. ಅಲ್ಲಿ ಉಪ್ಪುನೀರಿನ ಒಂದು ಸರೋವರ, ಸಮುದ್ರದ ಮಟ್ಟಕ್ಕಿಂತ ಕೆಳಗೆ, ಮೊಸಳೆಗಳಿವೆ ಎಂದರು. ನಡುಸಾಲಿನ ತುದಿ ನನ್ನ ಅಂಗೈಗೆ ಚುಚ್ಚಿತು. ಮುಳ್ಳಯ್ಯನಗಿರಿಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಇದರ ಭುಜಕ್ಕೂ ಬರುವುದಿಲ್ಲ.

ಸಮುದ್ರದ ನಡುವೆ ಇಷ್ಟು ಎತ್ತರ ಹೇಗೆ ಎಂದು ಕೇಳಿದೆ. ಪ್ರೊಫೆಸರ್ ಮೇಜಿನ ಬಟ್ಟೆಯನ್ನು ಎರಡೂ ಕೈಯಿಂದ, ಎರಡೂ ಬದಿಯಿಂದ ನಡುವಿಗೆ ಮೆಲ್ಲಗೆ ಒತ್ತಿದರು. ಬಟ್ಟೆ ಮಡಿಕೆ ಮಡಿಕೆಯಾಗಿ ಎದ್ದಿತು. ನಮ್ಮ ಮನೆಯಲ್ಲಿ ಬಾಗಿಲು ತಳ್ಳಿದಾಗ ಚಾಪೆ ಏಳುವ ಹಾಗೆ. ಆ ಬೆಟ್ಟಗಳ ಕೆಲವು ಕಲ್ಲುಗಳು ಒಂದು ಕಾಲಕ್ಕೆ ಕಡಲ ತಳವಾಗಿದ್ದವಂತೆ. ಹೇಮಾ ತಂದ ಅಂಥ ಒಂದು ಕರಿಹಸಿರು ಕಲ್ಲನ್ನು ಡಬ್ಬದಿಂದ ತೆಗೆದು, ಅವರು ಅದರ ಒಂದು ಮೂಲೆಯನ್ನು ನೆಕ್ಕಿದರು. ನಾನು ಗಾಬರಿಯಾದೆ. ಒದ್ದೆ ಮಾಡಿದರೆ ಕಲ್ಲಿನ ಹರಳು ಎದ್ದು ಕಾಣುತ್ತದೆ, ಬೆಟ್ಟದ ಮೇಲೆ ನೀರು ಹಾಳು ಮಾಡುವುದಿಲ್ಲ, ಈ ಕೆಲಸದವರೆಲ್ಲ ಹೀಗೇ ಎಂದರು. ನೋಡಿದೆ. ಒಣಗಿದ್ದಾಗ ಮಂಕಾಗಿದ್ದ ಕಲ್ಲಿನಲ್ಲಿ ಸಣ್ಣ ಬಿಳಿ ಚುಕ್ಕೆಗಳು ಹೊಳೆಯುತ್ತಿದ್ದವು.

ಹೇಮಾ ಚಿಕ್ಕವಳಿದ್ದಾಗ ಬಳಪ ತಿನ್ನುತ್ತಿದ್ದಳು. ಅಮ್ಮ ಬೆನ್ನಿಗೆ ಗುದ್ದಿ ಬಾಯಿಂದ ಕಕ್ಕಿಸುತ್ತಿದ್ದಳು. ಕಲ್ಲು ನೆಕ್ಕುವವರ ನಡುವೆ ಅವಳು ಎಷ್ಟು ಸುಖವಾಗಿದ್ದಿರಬೇಕು ಎನಿಸಿ, ನಾನೂ ಇನ್ನೊಂದು ಮೂಲೆಗೆ ನಾಲಿಗೆ ಮುಟ್ಟಿಸಿದೆ. ರುಚಿ ಏನಿಲ್ಲ. ತಣ್ಣಗಿತ್ತು.

ಪದವಿ ಕೊಡುವ ದಿನ ಒಂದು ಎಡವಟ್ಟಾಯಿತು. ಸಭಾಂಗಣ ತುಂಬ ಕಪ್ಪು ನಿಲುವಂಗಿಗಳು. ಹೇಮಾಳ ಹೆಸರು ಕರೆದಾಗ ನಾನು ವೇದಿಕೆಯ ಮೆಟ್ಟಿಲ ಹತ್ತಿರ ಹೋದೆ. ವಿದ್ಯೆ ಕೊಡುವ ಜಾಗ. ಯೋಚನೆಯೇ ಇಲ್ಲದೆ ಚಪ್ಪಲಿಯನ್ನು ಕೆಳಗೆ ಜೋಡಿಸಿಟ್ಟು ಬರಿಗಾಲಲ್ಲಿ ಹತ್ತಿದೆ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಎಲ್ಲರೂ ಹಾಗೇ ಹತ್ತುವುದು. ಪದವಿಪತ್ರ ತೆಗೆದುಕೊಂಡು ಹಣೆಗೆ ಒತ್ತಿಕೊಂಡೆ. ಇಳಿಯುವುದು ಮಾತ್ರ ಆ ಕಡೆಯ ಮೆಟ್ಟಿಲಿಂದ! ಚಪ್ಪಲಿ ಈ ಕಡೆ, ನಾನು ಆ ಕಡೆ, ನಡುವೆ ಮುಗಿಯದ ಮೆರವಣಿಗೆ. ಫೋಟೋದವನು ನಿಲ್ಲಿಸಿದ. ಬರಿಗಾಲಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಸ್ವಯಂಸೇವಕಿಯೊಬ್ಬಳು ನನ್ನ ಹವಾಯಿ ಚಪ್ಪಲಿಗಳನ್ನು ಪ್ರಸಾದದ ಹಾಗೆ ಎರಡೂ ಅಂಗೈ ಮೇಲಿಟ್ಟುಕೊಂಡು, ಇವು ಯಾರವು ಎಂದು ಸಾಲು ಸಾಲು ಕೇಳುತ್ತ ಬಂದಳು. ಕೈ ಎತ್ತಿದೆ.

ಆಮೇಲೆ ಪ್ರೊಫೆಸರನ್ನೂ ಕೇಳಿದೆ, ಹೇಮಾಗೆ ಏನು ಬೇಕಿತ್ತು ಎಂದು. ಅವರು ತಕ್ಷಣ, "ಒಳ್ಳೆಯ ಬೂಟು" ಎಂದರು. ಅವಳ ಬೂಟಿನ ಅಟ್ಟೆ ಕಿತ್ತುಬರುತ್ತಿತ್ತಂತೆ. ಅಂಥದ್ದಲ್ಲ ಎಂದೆ. ಅಮ್ಮನ ಊಟದ ವಿಷಯ, ನೀರಿನ ವಿಷಯ ಹೇಳಿದೆ. ಕಾಗೆಯ ವಿಷಯವನ್ನೂ ಹೇಳಿದೆ. ನಗುತ್ತಾರೇನೋ ಎಂದು ಹೆದರಿದ್ದೆ. ಅವರು ನಗಲಿಲ್ಲ. "ಆ ಸಲ ನಾನು ಅವರ ಜೊತೆ ಹೋಗಿರಲಿಲ್ಲ. ರಫೀಕ್‌ಗೆ ಗೊತ್ತು" ಎಂದು ನನ್ನೆದುರೇ ಫೋನ್ ತಿರುಗಿಸಿದರು. ಅವರ ಫೋನನ್ನು ಅವನು ಎತ್ತಿದ. ಎರಡೇ ಮಾತು. ಇಟ್ಟ ಮೇಲೆ ಹೇಳಿದರು, ನಾಳೆ ಹೂಸ್ಟನ್ ಬಸ್‌ಸ್ಟಾಂಡಿಗೆ ಬರುತ್ತಾನೆ.

ಬಸ್ಸಿನಲ್ಲಿ

ಆಸ್ಟಿನ್‌ನಿಂದ ಹೂಸ್ಟನ್‌ಗೆ ಒಬ್ಬಳೇ ಹೋದೆ. ಪಕ್ಕದಲ್ಲಿ ಮೆಕ್ಸಿಕೋದ ಒಬ್ಬ ಅಜ್ಜಿ. ಅವರಿಗೆ ಇಂಗ್ಲಿಷ್ ನನಗಿಂತ ಕಡಿಮೆ. ಬಸ್ ಹೊರಟ ಕೂಡಲೇ ಬಟ್ಟೆಯ ಗಂಟು ಬಿಚ್ಚಿ ಮೆಕ್ಕೆಜೋಳದ ತೆಳು ರೊಟ್ಟಿಯಲ್ಲಿ ಹುರುಳಿಕಾಳಿನಂಥದ್ದೇನೋ ಸುತ್ತಿ ನನ್ನ ಕೈಗಿಟ್ಟರು. ಬೇಡ ಎಂದರೆ ಬಿಡುವ ಜಾತಿಯಲ್ಲ. ನಾನು ಶೈಲಾ ಕಟ್ಟಿಕೊಟ್ಟ ಚಕ್ಕುಲಿ ಕೊಟ್ಟೆ. ಅವರು ಅದನ್ನು ಮೊದಲು ಕಿವಿಯ ಹತ್ತಿರ ಹಿಡಿದು ಮುರಿದು, ಸದ್ದು ಕೇಳಿ, ಆಮೇಲೆ ತಿಂದರು. ಕಿಟಕಿಯ ಹೊರಗೆ ಹುಲ್ಲುಗಾವಲು, ದನ, ಮತ್ತೆ ಹುಲ್ಲುಗಾವಲು. ನೆಲ ಹೋಗ್ತಾ ಹೋಗ್ತಾ ಇನ್ನೂ ಚಪ್ಪಟೆಯಾಯಿತು. ರಫೀಕ್ ಏನು ಹೇಳಬಹುದೆಂದು ನಾನು ಎಲ್ಲ ತರಹದಲ್ಲೂ ಊಹಿಸಿಕೊಂಡೆ. ಒಳ್ಳೆಯದೊಂದೂ ಹೊಳೆಯಲಿಲ್ಲ. ಅಜ್ಜಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು.

ಹೂಸ್ಟನ್

ರಫೀಕ್ ತೆಳ್ಳಗಿನ ಹುಡುಗ. "ನಮಸ್ಕಾರ್ರೀ ಅಕ್ಕಾರ" ಎಂದವನು ಕಾರಿನಲ್ಲಿ ಬಾಯಿ ಬಿಡಲಿಲ್ಲ. ನಾನೇ, ಈ ಊರಲ್ಲೂ ಗುಡ್ಡ ಇಲ್ಲವಲ್ಲ ಎಂದೆ.

"ಹೂಸ್ಟನ್ನಾಗ ಗುಡ್ಡ ಅಂದ್ರ ಫ್ಲೈಓವರ್ ರೀ ಅಕ್ಕಾರ" ಎಂದ.

ಮನೆಯಲ್ಲಿ ಅವನ ಹೆಂಡತಿ ಶಬಾನಾ. ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳಿಯೇ ನನಗೆ ಅರ್ಧ ಸಮಾಧಾನವಾಯಿತು. "ಇಲ್ಲಿ ಕೆಳಗಿನ ಮನಿಯವರು ಬಂದು ಜಗಳಾ ತೆಗಿತಾರ್ರೀ ಅಕ್ಕಾ, ದಿನಾ ಏನ್ ಬಡೀತೀರಿ ಅಂತ. ಗಂಡಗ ಬಡೀತೀನಿ ಅಂತ ಹೇಳೀನಿ" ಎಂದಳು. ಆಮೇಲೆ ದನಿ ತಗ್ಗಿಸಿ, "ನೀವು ಬರ್ತೀರಿ ಅಂತ ಗೊತ್ತಾದಾಗಿಂದ ಇವರು ಊಟಾ ಸೈತ ಮಾಡಿಲ್ರೀ. ಅಂಜ್ಯಾರ."

"ಯಾಕಪ್ಪಾ?" ಎಂದು ಅವನ ಕಡೆ ತಿರುಗಿದೆ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ನಾನು ಕಾಗೆಯ ಕಥೆಯಿಂದ ಶುರುಮಾಡಲಿಲ್ಲ. "ಆ ಬೆಟ್ಟ ಹೆಂಗಿತ್ತು ಹೇಳು. ಮೊದಲಿಂದ ಹೇಳು" ಎಂದೆ.

ಬೆಟ್ಟದ ಮಾತು ಬಂದ ಕೂಡಲೇ ಅವನಿಗೆ ನಾಲಿಗೆ ಬಂತು. ಕೆಳಗೆ ಕಾಫಿ, ಬಾಳೆ, ನಮ್ಮ ಕಡೆಯಂಥದೇ ಸೆಕೆ. ಹತ್ತುತ್ತ ಹತ್ತುತ್ತ ಜರಿಗಿಡ, ಆಮೇಲೆ ಪೈನ್ ಮರಗಳು, ಅವುಗಳ ನಡುವೆ ಗಾಳಿ ಸುಂಯ್ ಎನ್ನುವುದು. ಮೇಲೆ ಎರಡು ಶಿಖರಗಳ ನಡುವೆ ಹಳದಿ ಹುಲ್ಲಿನ ಒಂದು ಕಣಿವೆ. ಅಲ್ಲಿ ಡೇರೆ ಹಾಕಿದ್ದರು. ಬೆಳಿಗ್ಗೆ ಎದ್ದರೆ ಡೇರೆಯ ಬಟ್ಟೆ ಹಪ್ಪಳದ ಹಾಗೆ ಗಟ್ಟಿ.

"ನಮ್ಮ ಜೋಡಿ ಒಬ್ಬ ಗೈಡ್ ಇದ್ದ. ಅವನ ಹೇಸರಗತ್ತಿ ಮ್ಯಾಲೆ ಸಾಮಾನು. ಹೇಮಾ ಹತ್ತೋವಾಗ ಕಲ್ಲು ಕೂಡಿಸಿದ್ದೇ ಕೂಡಿಸಿದ್ದರೀ. ಹೇಸರಗತ್ತಿ ಕಡೀಕ ಕುಂತೇ ಬಿಡ್ತು. ಗೈಡ್ ಬೈದ. ಎಲ್ಲಾರೂ ಗುಡ್ಡದ ಫೋಟೋ ಒಯ್ತಾರ, ನೀವು ಗುಡ್ಡಾನ ಒಯ್ಲಿಕತ್ತೀರಿ ಅಂದ. ಹೇಮಾ ಏನಂದ್ಳು ಗೊತ್ತೇನ್ರೀ? ಅರ್ಧ ಬಿಟ್ಟೀವಿ, ಅದನ್ನ ನೀ ಇಟ್ಕೋ ಅಂದ್ಳು."

"ಸ್ವೆಟರ್ ಹಾಕ್ಕೊಂಡಿದ್ಳಾ?"

"ಹಗಲೂ ರಾತ್ರಿ ರೀ. ಮಣಕೈ ಹತ್ರ ಹರಿದಿತ್ತು. ನಮ್ಮ ಅವ್ವ ನಗ್ತಾಳ, ದ್ವೀಪಕ್ಕ ಸ್ವೆಟರ್ ಯಾಕ ಅಂತ, ಅಂತ ಹೇಳಿ ಹೇಳಿ ನಗ್ತಿದ್ಳು."

ನಾನು ನೀರು ಕುಡಿದೆ. ಶಬಾನಾ ಒಲೆ ಆರಿಸಿ ಬಂದು ನನ್ನ ಪಕ್ಕ ಕೂತಳು.

ತುದಿ ಹತ್ತಿದ ದಿನ ಹೇಮಾ ಎಲ್ಲರಿಗಿಂತ ಮುಂದೆ ಹೋಗಿಬಿಟ್ಟಳಂತೆ. ರಫೀಕ್ ಉಸಿರು ಸಾಲದೆ ಹಿಂದುಳಿದ. ಅವನು ಮುಟ್ಟುವಷ್ಟರಲ್ಲಿ ಮೋಡ ಮುಚ್ಚಿ, ತನ್ನ ಕೈ ತನಗೇ ಕಾಣುತ್ತಿರಲಿಲ್ಲ. ಹೇಮಾ ಬಂಡೆಯ ಮೇಲೆ ಕಾಲು ಚಾಚಿ ಕೂತು ಪೇರಲೆಹಣ್ಣಿನ ಮಿಠಾಯಿ ತಿನ್ನುತ್ತಿದ್ದಳು. "ಏನ್ ಕಾಣಿಸ್ತಲೇ ಅಂತ ಕೇಳಿದೆ. ಲೇಟಾಗಿ ಬಂದವರಿಗೆ ಹೇಳಂಗಿಲ್ಲ, ನಮ್ಮ ಅಕ್ಕಗ ಅಷ್ಟೇ ಹೇಳ್ತೀನಿ ಅಂದ್ಳು. ಇನ್ನೂ ಆ ಕಡಿ ಗುಡ್ಡದ ಸಾಲಿಗೆ ಹೋಗೋದದ, ಕೆಲಸ ಉಳದದ ಅಂದೆ. ಉಳೀಲಿ ಬಿಡೋ, ನನಗ ಇವತ್ತಿಗೆ ಹೊಟ್ಟಿ ತುಂಬೇದ ಅಂದ್ಳು. ಹಂಗೇ ಅಂದ್ಳು ರೀ."

ಆಮೇಲಿನದನ್ನು ಅವನು ಮೆಲ್ಲಗೆ ಹೇಳಿದ. ಯಾರೂ ಬೀಳಲಿಲ್ಲ. ಎಲ್ಲರೂ ಕ್ಷೇಮವಾಗಿ ಇಳಿದರು. ಬುಡದ ಊರಿನ ಒಂದು ಮನೆಯಲ್ಲಿ ಇಳಿದುಕೊಂಡಿದ್ದರು. ಮನೆಯಾಕೆ ಬಾಳೆಕಾಯಿ ಬೇಯಿಸಿ, ಮೆತ್ತಗೆ ನುರಿದು, ಮೇಲೆ ಹುಳಿ ಈರುಳ್ಳಿ ಹಾಕಿ ಬಡಿಸಿದಳು. ಹೇಮಾಗೆ ಅಲ್ಲಿ ಬಹಳ ಇಷ್ಟವಾದದ್ದು ಅದೇ. ಎರಡು ಸಲ ಹಾಕಿಸಿಕೊಂಡಳು. ಬಿಸಿನೀರಲ್ಲಿ ತಲೆಗೆ ಸ್ನಾನ ಮಾಡಿದಳು. ಕೋಣೆಯಲ್ಲಿ ಜೊತೆಗೆ ಅವರ ತಂಡದ ಇನ್ನೊಬ್ಬ ವಿದ್ಯಾರ್ಥಿನಿ ಮಲಗಿದ್ದಳು. ಬೆಳಿಗ್ಗೆ ಎಬ್ಬಿಸಲು ಹೋದರೆ ಹೇಮಾ ಏಳಲಿಲ್ಲ. ಮಿದುಳಿನ ರಕ್ತನಾಳ ಒಡೆದಿತ್ತು, ನಿದ್ದೆಯಲ್ಲೇ ಎಂದರು ಡಾಕ್ಟರು. ಪಕ್ಕದಲ್ಲಿದ್ದವಳಿಗೂ ಒಂದು ಸದ್ದೂ ಕೇಳಿರಲಿಲ್ಲ.

"ನೀರು?" ಎಂದೆ. "ಅವಳು ನೀರು ಕುಡಿದಿದ್ಳಾ?"

ರಫೀಕ್‌ಗೆ ಅರ್ಥವಾಗಲಿಲ್ಲ. "ನೀರಿಗೇನ್ ಕಮ್ಮಿ ರೀ ಅಕ್ಕಾರ? ಹಾದಿ ತುಂಬಾ ತೊರಿ. ಬಗ್ಗಿ ಬಗ್ಗಿ ಕುಡೀತಿದ್ಳು. ಮಲಗೋ ಮುಂದ ಸೈತ ಒಂದ್ ಜಗ್ ನೀರು ಕೇಳಿ ಇಸ್ಕೊಂಡು ಹೋದ್ಳು. ಮುಂಜಾನಿ ನೋಡಿದ್ರ ಅದು ಅರ್ಧ ಖಾಲಿ."

ನಾನು ಮುಖ ಮುಚ್ಚಿಕೊಂಡು ಅತ್ತೆ. ಬಿದ್ದಿರಲಿಲ್ಲ, ಒಬ್ಬಳೇ ಇರಲಿಲ್ಲ, ಬಾಯಾರಿರಲಿಲ್ಲ. ಇಷ್ಟು ತಿಂಗಳು ಎದೆಯ ಮೇಲೆ ಕೂತಿದ್ದ ಆ ಬಂಡೆ ಇಳಿದದ್ದು ದೇಹಕ್ಕೇ ಗೊತ್ತಾಯಿತು.

"ಮತ್ತೆ ನೀನು ಯಾಕಪ್ಪಾ ಯಾರ ಫೋನೂ ಎತ್ತಲಿಲ್ಲ?"

ಅವನು ಹೆಂಡತಿಯ ಕಡೆ ನೋಡಿದ. ಶಬಾನಾ, "ಹೇಳಿಬಿಡ್ರೀ" ಎಂದಳು.

ಹೂಸ್ಟನ್‌ನಲ್ಲಿ ದಹನದ ದಿನ ನಾಲ್ಕಾರು ಕನ್ನಡ ಹುಡುಗರು ಬಂದಿದ್ದರು. ಅಲ್ಲಿ ಕೊಳ್ಳಿ ಇಲ್ಲ, ಗೋಡೆಯ ಮೇಲೊಂದು ಬಟನ್. ಮನೆಯವರು ಯಾರಾದರೂ ಒತ್ತಿ ಎಂದು ಅಲ್ಲಿಯವನು ಪಕ್ಕಕ್ಕೆ ಸರಿದ. "ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ನಮ್ಮ ಅಪ್ಪ ಅಮ್ಮ ಇದಾರೆ, ನಾನು ಮಾಡಬಾರದು ಅಂದ ಒಬ್ಬ. ನಮ್ಮದೂ ಹಂಗೇ ಅಂದ ಇನ್ನೊಬ್ಬ. ಹಂಗ ಎಲ್ಲಾರೂ. ಕಡೀಕ ನನ್ನ ಕಡಿ ತಿರುಗಿದ್ರು. ಯಾಕಂದ್ರ ಅಪ್ಪ ಇಲ್ಲದಾಂವ ಅಂದ್ರ ನಾನೊಬ್ಬನೇ. ನಿನಗಾದ್ರ ನಡೀತದ ರಫೀಕ್ ಅಂದ್ರು. ಅವರ ಶಾಸ್ತ್ರದಾಗ ಅಪ್ಪ ಇರಬಾರದು ಅಂತಿತ್ತು, ಮುಸಲ್ಮಾನ ಇರಬಾರದು ಅಂತ ಆ ಹೊತ್ತಿಗೆ ಯಾರಿಗೂ ನೆನಪಾಗ್ಲಿಲ್ಲರೀ. ನಾನೇ ಒತ್ತಿದೆ. ಮನಿಗೆ ಬಂದಮ್ಯಾಲೆ ಅಂಜಿಕಿ ಶುರು ಆಯ್ತು. ನಿಮ್ಮ ಮನ್ಯಾಗ ತಿಳದ್ರ ಏನಂತಾರೋ. ಮುಂದ ಶೈಲಕ್ಕ ಮೆಸೇಜ್ ಬಿಟ್ಳು, ಎಡಿ ಇಟ್ರ ಕಾಗಿ ಮುಟ್ಟಲಿಲ್ಲ ಅಂತ. ನನ್ನ ಕೈಯಿಂದ ಆಗಿದ್ದಕ್ಕ ಹಿಂಗಾತೇನೋ ಅಂತ..."

ಅಪ್ಪ ಅಮ್ಮ ಇರುವ ಹುಡುಗರು ಸಾಲಾಗಿ ನಿಂತು ತಮ್ಮ ತಮ್ಮ ಅರ್ಹತೆ ಲೆಕ್ಕ ಹಾಕಿದ್ದು ಕಣ್ಣಿಗೆ ಕಟ್ಟಿ ನನಗೆ ಅಳುವಿನ ನಡುವೆಯೇ ನಗು ಬಂತು. ಹೇಮಾ ಅಲ್ಲಿದ್ದಿದ್ದರೆ ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು. "ನೀನಲ್ಲದೆ ಇನ್ಯಾರು ಒತ್ತಬೇಕಿತ್ತಪ್ಪಾ?" ಎಂದೆ. "ಅವಳ ಜೊತೆ ಬೆಟ್ಟ ಹತ್ತಿದವನು ನೀನು. ಊಟ ಮಾಡು."

ಅವನು ತಟ್ಟೆ ಎಳೆದುಕೊಂಡ. ಶಬಾನಾ ಹೊಸ ರೊಟ್ಟಿ ಬಡಿಯಲು ಎದ್ದಳು. ಕೆಳಗಿನ ಮನೆಯವರು ತಮ್ಮ ಸೂರು ತಟ್ಟಿದರು. "ತಟ್ಕೋ ಹೋಗ್" ಎಂದಳು ಕನ್ನಡದಲ್ಲೇ.

ಮನೆ

ಅಮ್ಮ ಬಾಗಿಲಲ್ಲೇ ಕೂತಿದ್ದಳು. ಪದವಿಪತ್ರವನ್ನಾಗಲಿ, ಬರಿಗಾಲಿನ ಫೋಟೋವನ್ನಾಗಲಿ ನೋಡಲಿಲ್ಲ. "ಏನಂತೆ?" ಎಂದಳು.

ಎಲ್ಲ ಹೇಳಿದೆ. ಮೊಸಳೆಯ ಸರೋವರದಿಂದ ಹಿಡಿದು ಕುಂತುಬಿಟ್ಟ ಹೇಸರಗತ್ತೆಯತನಕ. ಜಗ್ಗಿನ ನೀರಿನ ಮಾತು ಬಂದಾಗ ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದೆ. ಬಟನ್ನಿನ ಕಥೆ ಕೇಳಿ, "ಆ ಹುಡುಗನ ತಾಯಿ ಇದಾರಾ?" ಎಂದಳು. ಇದ್ದಾರೆ, ಕಲಬುರ್ಗಿಯಲ್ಲಿ ಎಂದೆ. "ಒಂದ್ಸಲ ಹೋಗಿ ಬರೋಣ."

ಸೋದರಮಾವ ಬಂದು, ಈಗ ವಿಷಯ ತಿಳಿಯಿತಲ್ಲ, ಇನ್ನೊಮ್ಮೆ ಎಡೆ ಇಡೋಣ ಎಂದ. ಅಮ್ಮ ಒಪ್ಪಲಿಲ್ಲ. "ಆ ದಿನ ನಾವು ಮಾಡಿದ್ದೆಲ್ಲ ಅವಳು ಹೈಸ್ಕೂಲಲ್ಲಿದ್ದಾಗ ತಿಂತಿದ್ದುದು. ಈಗ ಅವಳಿಗೆ ಬಾಳೆಕಾಯಿ ಇಷ್ಟ ಅಂತ ನಮಗೇನು ಗೊತ್ತಿತ್ತು? ಕಾಗೆ ತಪ್ಪಿಲ್ಲ ಬಿಡು. ಅವಳು ಹೊಟ್ಟೆ ತುಂಬಿದೆ ಅಂದಿದ್ದಾಳೆ."

ಆ ಸಂಜೆ ಅಮ್ಮ ಬಾಳೆಕಾಯಿ ಬೇಯಿಸಿ ನುರಿದಳು. ಈರುಳ್ಳಿಗೆ ನಿಂಬೆಹುಳಿ ಹಿಂಡಿದಳು. ಹೆಂಗೋ ಏನೋ, ಚೆನ್ನಾಗಿತ್ತು. ಇಬ್ಬರೂ ಕೂತು ಉಂಡೆವು. ಕಿಟಕಿಗೆ ಚೊಂಬು ಇಡುವುದನ್ನು ಅವಳು ಆ ದಿನವೇ ಬಿಟ್ಟಳು. ನನಗೂ ನಿದ್ದೆ ಬರತೊಡಗಿತು. ಶಾಲೆಯಲ್ಲಿ ದ್ವೀಪದ ಪಾಠ ಬಂದಾಗ ಈಗ ನಾನು ಮೇಜಿನ ಬಟ್ಟೆ ಒತ್ತಿ ಬೆಟ್ಟ ಎಬ್ಬಿಸಿ ತೋರಿಸುತ್ತೇನೆ.

ಮೊನ್ನೆ ಅಮ್ಮ ಅಕ್ಕಿ ಆರಿಸುತ್ತ ಇದ್ದಕ್ಕಿದ್ದಂತೆ ಕೇಳಿದಳು: "ಮೇಲೆ ಕೂತಾಗ ಅವಳಿಗೆ ಏನು ಕಾಣಿಸ್ತಂತೆ?"

ಸಮುದ್ರ ಕಂಡಿರಬಹುದು, ಎರಡೂ ಕಡೆ. ಬರೀ ಬೆಟ್ಟಗಳೇ ಇದ್ದಿರಬಹುದು, ಒಂದರ ಹಿಂದೊಂದು. ನಾನು ಹಾಗೇ ಏನೋ ಹೇಳಿ ಮುಗಿಸಬಹುದಿತ್ತು. ಗೊತ್ತಿಲ್ಲಮ್ಮ ಎಂದೆ. ಮೋಡ ಮುಚ್ಚುವ ಮುಂಚೆ ಅಲ್ಲಿದ್ದವಳು ಹೇಮಾ ಒಬ್ಬಳೇ. ನನಗೆ ಹೇಳುತ್ತೇನೆ ಎಂದಿದ್ದಳು. ಹೇಳಿಲ್ಲ.